ಪಾಠ 9: ನಮ್ಮ ಶಾಲೆಯ ಲೆಕ್ಕ

ನಮ್ಮ ಕಲಿಕಾ ಕೇಂದ್ರ ಬೆಂಗಳೂರಿನ ಒಂದು ಬಡಾವಣೆಯಲ್ಲಿದೆ. ರಾತ್ರಿ 8 ಗಂಟೆಗೆ ಪಾಠ ಶುರು. ಗಾರ್ಮೆಂಟ್ಸ್ ಕೆಲಸ ಮುಗಿಸಿ, ಮನೆಯಲ್ಲಿ ಅಡುಗೆ ಮುಗಿಸಿ ಅಕ್ಕಂದಿರು ಬರುತ್ತಾರೆ. ಒಂದು ದಿನ ಒಬ್ಬ ಅಕ್ಕ ಒಂದು ಕಾರ್ಡು ತಂದರು.

"ಟೀಚರ್, ಇದು ಮಗಳ ಪ್ರಗತಿ ಪತ್ರ. ಮೂರು ವರ್ಷ ಹೆಬ್ಬೆಟ್ಟು ಒತ್ತಿ ಕಳಿಸಿದೆ. ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ. ಈ ಸಲ ನಾನೇ ಓದಿದೆ."

"ಏನು ಬರೆದಿದ್ದಾರೆ ಅಕ್ಕ?"

"ಗಣಿತದಲ್ಲಿ ಗಮನ ಬೇಕು ಅಂತ ಇದೆ. ಹಳೇ ಕಾರ್ಡು ತೆಗೆದು ನೋಡಿದೆ. ಅದರಲ್ಲೂ ಅದೇ ಇದೆ. ಮೂರು ವರ್ಷದಿಂದ ಹೇಳ್ತಾ ಇದ್ದಾರೆ. ನನಗೇ ಕೇಳಿಸಿಲ್ಲ."

ಮಗಳು ನಾಲ್ಕನೇ ತರಗತಿ. ಅಕ್ಕ ಅವಳಿಗೆ ಒಂದು ಲೆಕ್ಕ ಕೊಟ್ಟಿದ್ದರು. 42ರಲ್ಲಿ 17 ಕಳೆ. ಮಗಳು 35 ಎಂದು ಬರೆದಳು. ಅಕ್ಕ ಬೆರಳು ಮಡಿಸಿ ಎಣಿಸಿದರು. 25 ಬಂತು.

"ದಿನಾ ಶಾಲೆಗೆ ಹೋಗ್ತಾಳೆ ಟೀಚರ್. ಮತ್ತೆ ಯಾಕೆ ಹೀಗೆ?"

ಬನ್ನಿ, ಈ ಪ್ರಶ್ನೆಗೆ ಉತ್ತರ ಹುಡುಕೋಣ.

ಶಾಲೆಗೆ ಯಾರ ಮಕ್ಕಳು ಬರುತ್ತಾರೆ?

ಬೆಂಗಳೂರು ನಗರ ಜಿಲ್ಲೆಯಲ್ಲಿ 1991ರಲ್ಲಿ ಸುಮಾರು 48 ಲಕ್ಷ ಜನ ಇದ್ದರು. 2011ರ ಜನಗಣತಿಯಲ್ಲಿ 96 ಲಕ್ಷ ಆದರು. 20 ವರ್ಷದಲ್ಲಿ ಜನ ಎರಡರಷ್ಟು! ಬಹಳ ಮಂದಿ ಹೊರಗಿನಿಂದ ಬಂದವರು. ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬರುತ್ತಾರೆ. ಆಂಧ್ರ, ತಮಿಳುನಾಡು, ಬಿಹಾರದಿಂದಲೂ ಬರುತ್ತಾರೆ.

ಕೈಯಲ್ಲಿ ಸ್ವಲ್ಪ ಕಾಸು ಇದ್ದವರು ಮಕ್ಕಳನ್ನು ಖಾಸಗಿ ಶಾಲೆಗೆ ಹಾಕುತ್ತಾರೆ. ಸರ್ಕಾರಿ ಶಾಲೆಗೆ ಬರುವವರಲ್ಲಿ ಹೆಚ್ಚಿನವರು ಕೂಲಿಯವರ ಮಕ್ಕಳು, ಮನೆಗೆಲಸದವರ ಮಕ್ಕಳು. ಒಂದೇ ಬೆಂಚಿನಲ್ಲಿ ಕನ್ನಡ, ತೆಲುಗು, ತಮಿಳು, ಉರ್ದು ಮಾತಾಡುವ ಮಕ್ಕಳು ಕೂರುತ್ತಾರೆ. ಕೆಲವರು ಬಿತ್ತನೆಗೆ, ಜಾತ್ರೆಗೆ ಊರಿಗೆ ಹೋಗಿ ತಿಂಗಳುಗಟ್ಟಲೆ ಬರುವುದಿಲ್ಲ. ತಪ್ಪಿದ ಪಾಠ ತಪ್ಪಿಯೇ ಹೋಗುತ್ತದೆ.

ಈ ಮಕ್ಕಳು ದಡ್ಡರಲ್ಲ. ಖಾಸಗಿ ಶಾಲೆಯ ಮಗುವಿಗೆ ಮನೆಯಲ್ಲಿ ಹೇಳಿಕೊಡುವವರು ಇರುತ್ತಾರೆ, ಟ್ಯೂಷನ್ ಇರುತ್ತದೆ. ನಮ್ಮ ಮಗುವಿಗೆ ಶಾಲೆ ಒಂದೇ. ಅದಕ್ಕೇ ಆ ಶಾಲೆ ಚೆನ್ನಾಗಿ ನಡೆಯಬೇಕು.

2011ರಲ್ಲಿ ನಮ್ಮ ಜಿಲ್ಲೆಯ 100 ಹೆಂಗಸರಲ್ಲಿ 84 ಮಂದಿಗೆ ಓದು ಬರಹ ಬರುತ್ತಿತ್ತು. ಉಳಿದ 16 ಮಂದಿಯಲ್ಲಿ ನೀವೂ ಇದ್ದಿರಿ. ಈಗ ಓದುತ್ತಿದ್ದೀರಿ. ಇನ್ನು ಮಗಳ ಕಾರ್ಡು ನೀವೇ ಓದಬಹುದು.

ಎಷ್ಟು ಶಿಕ್ಷಕರು ಇರಬೇಕು?

2009ರಲ್ಲಿ ಶಿಕ್ಷಣ ಹಕ್ಕು ಕಾಯಿದೆ ಆಯಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. 6ರಿಂದ 14 ವರ್ಷದ ಪ್ರತಿ ಮಗುವಿಗೂ ಶಿಕ್ಷಣ ಹಕ್ಕು. ಯಾರ ದಯೆಯೂ ಅಲ್ಲ. 1ರಿಂದ 5ನೇ ತರಗತಿಗೆ ಕಾಯಿದೆ ಹೇಳುವ ಲೆಕ್ಕ ಇದು:

60 ಮಕ್ಕಳವರೆಗೆ – 2 ಶಿಕ್ಷಕರು
61ರಿಂದ 90 ಮಕ್ಕಳಿಗೆ – 3 ಶಿಕ್ಷಕರು
91ರಿಂದ 120 ಮಕ್ಕಳಿಗೆ – 4 ಶಿಕ್ಷಕರು
121ರಿಂದ 200 ಮಕ್ಕಳಿಗೆ – 5 ಶಿಕ್ಷಕರು

ಅಕ್ಕ ಮಾರನೇ ದಿನ ಶಾಲೆಗೆ ಹೋಗಿ ಕೇಳಿದರು. 96 ಮಕ್ಕಳು, 3 ಶಿಕ್ಷಕರು. ಕಾಯಿದೆ ಪ್ರಕಾರ ಒಬ್ಬರು ಕಡಿಮೆ. ಮಗಳ ಟೀಚರ್ ಒಂದೇ ಕೋಣೆಯಲ್ಲಿ ಎರಡು ತರಗತಿ ನೋಡಿಕೊಳ್ಳುತ್ತಿದ್ದರು. ಜೊತೆಗೆ ಬಿಸಿಯೂಟದ ಲೆಕ್ಕವೂ ಅವರದ್ದೇ. "ಟೀಚರ್ ಮೇಲೆ ಸಿಟ್ಟು ಬಂದಿತ್ತು. ನೋಡಿದ ಮೇಲೆ ಸಿಟ್ಟು ಹೋಯ್ತು" ಅಂದರು ಅಕ್ಕ.

ಮಗು ಕಲಿತಿದೆಯೇ?

"ಪಾಸಾಯಿತಾ?" ಅಂತ ಮಾತ್ರ ಕೇಳಬೇಡಿ. ಮನೆಯಲ್ಲೇ ನೋಡಿ. ಎರಡನೇ ತರಗತಿಯ ಪುಸ್ತಕದ ಒಂದು ಪುಟ ಓದಿಸಿ. ತಡವರಿಸದೆ ಓದುತ್ತದೆಯೇ? ಓದಿದ್ದನ್ನು ತನ್ನ ಮಾತಲ್ಲಿ ಹೇಳುತ್ತದೆಯೇ? ಕಳೆಯುವ ಲೆಕ್ಕ ಕೊಡಿ.

42ರಲ್ಲಿ 17 ಹೇಗೆ ಕಳೆಯಬೇಕು? ಬಿಡಿಯಲ್ಲಿ 2 ಇದೆ. 7 ಕಳೆಯಲು ಸಾಲದು. ಹತ್ತರ ಮನೆಯಿಂದ ಒಂದು ಹತ್ತು ತನ್ನಿ. 12 ಆಯಿತು. 12ರಲ್ಲಿ 7 ಹೋದರೆ 5. ಹತ್ತರ ಮನೆಯಲ್ಲಿ ಉಳಿದದ್ದು 3. ಅದರಲ್ಲಿ 1 ಹೋದರೆ 2. ಉತ್ತರ 25. ಆ ಮಗಳು 7ರಲ್ಲಿ 2 ಕಳೆದಿದ್ದಳು. ಅಷ್ಟೇ ತಪ್ಪು. ಅಕ್ಕ ಹತ್ತರ ನೋಟು, ಒಂದು ರೂಪಾಯಿ ನಾಣ್ಯ ಇಟ್ಟು ತೋರಿಸಿದರು. ಮಗಳಿಗೆ ತಿಳಿಯಿತು. ಚಿಲ್ಲರೆ ಮಾಡಿಸುವುದು ಅವಳಿಗೆ ಮೊದಲೇ ಗೊತ್ತಿತ್ತಲ್ಲ!

ಯಾರು ಕೇಳಬೇಕು?

ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿ ಇರುತ್ತದೆ. ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಎಸ್.ಡಿ.ಎಂ.ಸಿ. ಅಂತಾರೆ. ಕಾಯಿದೆ ಪ್ರಕಾರ ಶಾಲಾ ಸಮಿತಿಯ 4 ಪಾಲಿನಲ್ಲಿ 3 ಪಾಲು ತಂದೆತಾಯಿಗಳು ಇರಬೇಕು. ಅರ್ಧ ಮಂದಿ ಹೆಂಗಸರು ಇರಬೇಕು. ಹಾಗಾದರೆ ಅದು ನಮ್ಮ ಸಮಿತಿ.

ಅಕ್ಕ ಸಭೆಗೆ ಹೋದರು. ಮೊದಲು ಗಂಟಲು ಕಟ್ಟಿತು. ಆಮೇಲೆ ಚೀಟಿ ತೆಗೆದು ಓದಿದರು: "ಮಕ್ಕಳು 96. ಶಿಕ್ಷಕರು 3. ಇರಬೇಕಾದವರು 4." ಒಬ್ಬರು ನಕ್ಕರು. ಮುಖ್ಯ ಶಿಕ್ಷಕರು ನಗಲಿಲ್ಲ. "ಅಮ್ಮ ಹೇಳಿದ್ದು ಸರಿ" ಅಂದರು. ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಅರ್ಜಿ ಬರೆದರು. 14 ಮಂದಿ ತಾಯಂದಿರು ಸಹಿ ಹಾಕಿದರು. ಹೆಬ್ಬೆಟ್ಟು ಒಂದೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಬೇರೆ ಶಾಲೆಯ ಟೀಚರ್ ವಾರಕ್ಕೆ ಮೂರು ದಿನ ಬರತೊಡಗಿದರು. ಪೂರ್ತಿ ಟೀಚರ್ ಇನ್ನೂ ಬಂದಿಲ್ಲ. ಅಕ್ಕ ಇನ್ನೊಂದು ಅರ್ಜಿ ಬರೆಯುತ್ತಿದ್ದಾರೆ.

ನೆನಪಿಡಿ

ಜನನ ಪ್ರಮಾಣ ಪತ್ರ ಇಲ್ಲ ಅಂತ ಮಗುವನ್ನು ವಾಪಸ್ ಕಳಿಸುವಂತಿಲ್ಲ.
ಬೇರೆ ಊರಿಗೆ ಹೋಗುವಾಗ ವರ್ಗಾವಣೆ ಪತ್ರ ಕೇಳಿ ಪಡೆಯಿರಿ. ಅದು ತಡವಾದರೂ ಹೊಸ ಸರ್ಕಾರಿ ಶಾಲೆ ಸೇರಿಸಿಕೊಳ್ಳಬೇಕು.
ಗಂಡುಮಕ್ಕಳಿಗೆ, ಹೆಣ್ಣುಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಶಾಲೆಯಲ್ಲಿ ಇರಲೇಬೇಕು.

ಹೊಸ ಪದಗಳು

ಪ್ರಗತಿ ಪತ್ರ, ಜನಗಣತಿ, ಹಕ್ಕು, ಕಾಯಿದೆ, ಸಮಿತಿ, ವರ್ಗಾವಣೆ

ಉತ್ತರ ಬರೆಯಿರಿ

1. ನಿಮ್ಮ ಮಗುವಿನ ಶಾಲೆಯಲ್ಲಿ ಎಷ್ಟು ಮಕ್ಕಳು ಇದ್ದಾರೆ? ಹುಡುಗಿಯರು ಎಷ್ಟು?
2. ಎಷ್ಟು ಶಿಕ್ಷಕರು ಇದ್ದಾರೆ? ಎಷ್ಟು ಇರಬೇಕು?
3. 53ರಲ್ಲಿ 28 ಕಳೆಯಿರಿ. ಮಗುವಿಗೂ ಇದೇ ಲೆಕ್ಕ ಕೊಡಿ.
4. ಮುಂದಿನ ಸಭೆಯಲ್ಲಿ ಕೇಳಬೇಕಾದ ಒಂದು ಪ್ರಶ್ನೆ ಬರೆಯಿರಿ. ಚೀಟಿ ಜೊತೆಗೆ ಒಯ್ಯಿರಿ.