ಸರ್ವ್‌ಲೆಟ್ ಎಂಬ ಗುಮಾಸ್ತ

ಗ್ರಂಥಾಲಯಕ್ಕೆ ಹೋದ ವಿದ್ಯಾರ್ಥಿಯು ಪುಸ್ತಕದ ಹೆಸರನ್ನು ಚೀಟಿಯಲ್ಲಿ ಬರೆದು ಗುಮಾಸ್ತನಿಗೆ ಕೊಡುತ್ತಾನೆ. ಗುಮಾಸ್ತನು ರಿಜಿಸ್ಟರನ್ನು ನೋಡಿ ಪುಸ್ತಕವಿದೆಯೋ ಇಲ್ಲವೋ ಹೇಳುತ್ತಾನೆ. ಇದೇ ವ್ಯವಹಾರವು ಅಂತರಜಾಲದ ಮೂಲಕ ನಡೆಯಬೇಕಾದರೆ ಗುಮಾಸ್ತನ ಸ್ಥಾನದಲ್ಲಿ ಒಂದು ಪ್ರೋಗ್ರಾಮು ನಿಲ್ಲಬೇಕಾಗುತ್ತದೆ. ಜಾವಾ ಭಾಷೆಯಲ್ಲಿ ಅದಕ್ಕೆ ಸರ್ವ್‌ಲೆಟ್ ಎಂದು ಹೆಸರು.

ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ರೂಪಿಸಿದ ಜಾವಾ ಭಾಷೆಯನ್ನು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1995ರಲ್ಲಿ ಪ್ರಕಟಿಸಿತು; ಸರ್ವ್‌ಲೆಟ್ಟುಗಳು ಬಂದದ್ದು 1997ರಲ್ಲಿ. ಸರ್ವ್‌ಲೆಟ್ಟು ತಾನಾಗಿಯೇ ನಡೆಯಲಾರದು. ಟಾಮ್‌ಕ್ಯಾಟ್‌ನಂತಹ ತಂತ್ರಾಂಶವೊಂದು ಅದಕ್ಕೆ ಆಶ್ರಯವಿತ್ತು, ಮಾಹಿತಿಯನ್ನು ಕೇಳುವ ಕೋರಿಕೆ ಬಂದಾಗ ಅದರ ‘ಡೂಗೆಟ್’ ಭಾಗವನ್ನೂ, ತುಂಬಿದ ನಮೂನೆ ಬಂದಾಗ ‘ಡೂಪೋಸ್ಟ್’ ಭಾಗವನ್ನೂ ಕರೆಯುತ್ತದೆ.

ಇಲ್ಲಿ ರಿಜಿಸ್ಟರಿನ ಕೆಲಸವನ್ನು ಮಾಡುವುದು ಡೇಟಾಬೇಸು. ಅದರಲ್ಲಿ ಎರಡು ಕೋಷ್ಟಕಗಳಿವೆಯೆಂದು ಭಾವಿಸೋಣ: ಪ್ರತಿ ಪುಸ್ತಕದ ಉಳಿದ ಪ್ರತಿಗಳನ್ನು ಹೇಳುವುದು ಒಂದು, ಯಾರಿಗೆ ಯಾವುದನ್ನು ಕೊಟ್ಟಿದೆಯೆಂದು ಹೇಳುವುದು ಇನ್ನೊಂದು. ಪುಸ್ತಕ ಕೊಡುವಾಗ ಮೊದಲನೆಯದರಲ್ಲಿ ಒಂದನ್ನು ಕಳೆದು, ಎರಡನೆಯದರಲ್ಲಿ ಒಂದು ಸಾಲನ್ನು ಸೇರಿಸಬೇಕು. ಕಳೆದಾದ ಮೇಲೆ, ಸೇರಿಸುವ ಮೊದಲೇ ವಿದ್ಯುತ್ತು ನಿಂತುಹೋದರೆ ಗತಿಯೇನು? ಒಂದು ಪುಸ್ತಕವು ಲೆಕ್ಕದಿಂದಲೇ ಮಾಯವಾಗುತ್ತದೆ! ಜಾವಾವನ್ನು ಡೇಟಾಬೇಸಿಗೆ ಜೋಡಿಸುವ ಜೆಡಿಬಿಸಿಯು ನಾವು ಬೇಡವೆನ್ನದಿದ್ದರೆ ಪ್ರತಿಯೊಂದು ಬರವಣಿಗೆಯನ್ನೂ ಒಡನೆಯೇ ಖಾಯಂ ಮಾಡಿಬಿಡುತ್ತದೆ. ಆದುದರಿಂದ ಆ ಅಭ್ಯಾಸವನ್ನು ನಿಲ್ಲಿಸಿ, ಎರಡೂ ಮುಗಿದ ಬಳಿಕವೇ ‘ಕಮಿಟ್’ ಎಂದು ಆಜ್ಞಾಪಿಸಬೇಕು. ನಡುವೆ ತೊಡಕಾದರೆ ‘ರೋಲ್‌ಬ್ಯಾಕ್’. ಕಳೆಯುವ ಆಜ್ಞೆಯಲ್ಲಿ ‘ಪ್ರತಿಗಳು ಸೊನ್ನೆಗಿಂತ ಹೆಚ್ಚಿದ್ದರೆ ಮಾತ್ರ’ ಎಂಬ ಷರತ್ತೂ ಇರಬೇಕು. ಇಲ್ಲವಾದರೆ ಕೊನೆಯ ಪ್ರತಿಯು ಇಬ್ಬರ ಪಾಲಾದೀತು. ಓದುಗರು ಬರೆದುದನ್ನು ಆಜ್ಞೆಯ ವಾಕ್ಯಕ್ಕೆ ನೇರವಾಗಿ ಅಂಟಿಸದೆ ಪ್ರಶ್ನಚಿಹ್ನೆಯ ಜಾಗದಲ್ಲಿ ಬೇರೆಯಾಗಿ ಕೊಡುವುದೂ ಅಗತ್ಯ. ಹೆಸರಿನ ಜಾಗದಲ್ಲಿ ಯಾರಾದರೂ ಅಳಿಸುವ ಆಜ್ಞೆಯನ್ನೇ ಬರೆದಾರು.

ನಮ್ಮ ಗುಮಾಸ್ತನ ಹೋಲಿಕೆಯು ಒಂದು ಕಡೆ ಸೋಲುತ್ತದೆ. ಗುಮಾಸ್ತನು ಒಬ್ಬರಾದ ಮೇಲೆ ಒಬ್ಬರನ್ನು ವಿಚಾರಿಸುತ್ತಾನೆ. ಸಾಮಾನ್ಯವಾಗಿ ಒಂದೇ ಸರ್ವ್‌ಲೆಟ್ ವಸ್ತುವು ಏಕಕಾಲದಲ್ಲಿ ಹಲವರಿಗೆ ಉತ್ತರಿಸುತ್ತದೆ. ಓದುಗನ ಹೆಸರನ್ನು ಆ ವಸ್ತುವಿನದೇ ಚರಾಂಶದಲ್ಲಿ ಇಟ್ಟರೆ, ರಾಮನ ಹೆಸರನ್ನು ಓದಿದ ಕ್ಷಣದಲ್ಲಿ ಲೀಲಾಳ ಕೋರಿಕೆ ಬಂದು ಅದನ್ನು ಅಳಿಸಬಹುದು. ಆಗ ರಾಮನು ಪಡೆದ ಪುಸ್ತಕವು ಲೀಲಾಳ ಲೆಕ್ಕಕ್ಕೆ ಸೇರಿ, ದಂಡವನ್ನು ಅವಳು ತೆರಬೇಕಾಗುತ್ತದೆ. ಹೆಸರನ್ನು ‘ಡೂಪೋಸ್ಟ್’ ಭಾಗದ ಒಳಗಿನ ಚರಾಂಶದಲ್ಲಿಯೇ ಇಟ್ಟರೆ ಪ್ರತಿ ಕೋರಿಕೆಗೂ ಬೇರೆ ಬೇರೆ ಜಾಗ ದೊರೆಯುತ್ತದೆ. ಒಬ್ಬರೇ ಕುಳಿತು ಪರೀಕ್ಷಿಸುವಾಗ ಈ ದೋಷವು ಕಣ್ಣಿಗೆ ಬೀಳದು. ತರಗತಿಯವರೆಲ್ಲರೂ ಒಮ್ಮೆಗೇ ಪುಸ್ತಕ ಕೇಳಿದ ದಿನ ಹೊರಬೀಳುತ್ತದೆ.