ಕ್ಯಾಂಪಿನ ಚೂಪು ಕಮಾನುಗಳು: ಒಂದು ಅಭ್ಯಾಸ

ಪುಣೆಗೆ ಬಂದ ಮೊದಲ ವರ್ಷ ನಾನು ಗೆಳೆಯರಿಗೆಲ್ಲ 'ಕೆಂಪು ಚರ್ಚಿನ ಹತ್ತಿರ ಸಿಗೋಣ' ಎನ್ನುತ್ತಿದ್ದೆ. ಕ್ಯಾಂಪಿನ ಮೋಲೆದಿನಾ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ, ಎತ್ತರದ ಗೋಪುರದ ಕಟ್ಟಡವೊಂದಿದೆಯಲ್ಲ, ಅದೇ. ಒಂದು ದಿನ ರಿಕ್ಷಾದವನು ನಕ್ಕುಬಿಟ್ಟ. 'ಚರ್ಚ್ ಅಲ್ಲ ಅದು, ಲಾಲ್ ದೇವಳ' ಅಂದ. ವಿಚಾರಿಸಿದರೆ ಅದು ಯೆಹೂದ್ಯರ ಪ್ರಾರ್ಥನಾ ಮಂದಿರ, ಸಿನಗಾಗ್. ಊರ ಜನ ಅದಕ್ಕೆ ಕೊಟ್ಟ ಹೆಸರು ಮಾತ್ರ 'ದೇವಳ'. ನಮ್ಮ ಕನ್ನಡದ ದೇವಳವೂ ಅದೇ ಮಾತಲ್ಲವೆ! ಚರ್ಚಿನಂತೆ ಕಾಣುವ ಯೆಹೂದ್ಯ ಮಂದಿರಕ್ಕೆ ದೇವಸ್ಥಾನದ ಹೆಸರು. ಈ ಗೊಂದಲ ಬಿಡಿಸಿಕೊಳ್ಳಲು ಹೊರಟು ಬರೆದದ್ದೇ ಈ ಲೇಖನ.

ಗಾಥಿಕ್ ಎಂದರೇನು?

ಮೊದಲು ಇದು ಬೈಗುಳದ ಮಾತು. ಮಧ್ಯಯುಗದ ಕಟ್ಟಡಗಳೆಲ್ಲ ಗಾಥರೆಂಬ ಒರಟು ಜನರ ಕೆಲಸ ಎಂದು 16ನೆಯ ಶತಮಾನದ ಇಟಲಿಯ ಪಂಡಿತರು ಹೀಗಳೆದರು. ಗಾಥರಿಗೂ ಈ ಶೈಲಿಗೂ ಸಂಬಂಧವಿಲ್ಲ. ಅದು ಹುಟ್ಟಿದ್ದು ಫ್ರಾನ್ಸಿನಲ್ಲಿ, 12ನೆಯ ಶತಮಾನದಲ್ಲಿ.

ಅದರ ಗುಟ್ಟು ಲೆಕ್ಕದಲ್ಲಿದೆ. ಅರ್ಧ ವೃತ್ತದ ಕಮಾನು ತೆಗೆದುಕೊಳ್ಳಿ. 20 ಅಡಿ ಅಗಲವಿದ್ದರೆ ಎತ್ತರ 10 ಅಡಿಯೇ, ಹೆಚ್ಚು ಕಮ್ಮಿ ಮಾಡುವಂತಿಲ್ಲ. ಅದು ಗೋಡೆಯನ್ನು ಹೊರಕ್ಕೆ ಬಲವಾಗಿ ತಳ್ಳುತ್ತದೆ. ಆದ್ದರಿಂದ ಗೋಡೆ ದಪ್ಪ, ಕಿಟಕಿ ಸಣ್ಣದು, ಒಳಗೆ ಕತ್ತಲು. ಚೂಪು ಕಮಾನಿನಲ್ಲಿ ಅಗಲ ಅಷ್ಟೇ ಇಟ್ಟುಕೊಂಡು ಎತ್ತರ ಬೇಕಾದಷ್ಟು ಏರಿಸಬಹುದು. ಭಾರ ಹೆಚ್ಚಾಗಿ ಕೆಳಕ್ಕೆ ಇಳಿಯುತ್ತದೆ, ಪಕ್ಕದ ತಳ್ಳು ಕಡಿಮೆ. ಛಾವಣಿಯ ಕೆಳಗೆ ಪಕ್ಕೆಲುಬಿನಂಥ ಪಟ್ಟಿಗಳು ಆ ಭಾರವನ್ನು ಕಂಬಗಳಿಗೆ ಒಯ್ಯುತ್ತವೆ. ಉಳಿದ ತಳ್ಳನ್ನು ಹೊರಗೆ ನಿಂತ ಒತ್ತುಗೋಡೆಗಳು ತಡೆಯುತ್ತವೆ. ಬೀಳುವ ಗೋಡೆಗೆ ನಮ್ಮೂರಲ್ಲಿ ಊರೆ ಕೊಡುತ್ತಾರಲ್ಲ, ಹಾಗೆ. ಈಗ ನಡುವಿನ ಗೋಡೆಗೆ ಕೆಲಸವೇ ಇಲ್ಲ! ಅದನ್ನು ತೆಗೆದು ಬಣ್ಣದ ಗಾಜು ಕೂಡಿಸಿದರು.

ಚೂಪು ಕಮಾನು ಕಂಡಲ್ಲೆಲ್ಲ ಗಾಥಿಕ್ ಎನ್ನಬಾರದು. ವಿಜಯಪುರದ ಗೋಲಗುಮ್ಮಟದಲ್ಲೂ ಚೂಪು ಕಮಾನುಗಳಿವೆ. ಕಮಾನು, ಪಕ್ಕೆಲುಬು, ಒತ್ತುಗೋಡೆ ಈ ಮೂರೂ ಕೂಡಿ ದುಡಿದರೆ ಅದು ಗಾಥಿಕ್.

ಒಂದೊಂದು ನೆಲ ಇದನ್ನು ಒಂದೊಂದು ಬಗೆಯಲ್ಲಿ ಪಳಗಿಸಿತು. ಸ್ಪೇನಿನ ಬಾರ್ಸಿಲೋನಾದಲ್ಲಿ 1329ರಿಂದ 1383ರವರೆಗೆ ಕಟ್ಟಿದ ಸಾಂತಾ ಮರಿಯಾ ದೆಲ್ ಮಾರ್ ಚರ್ಚಿದೆ. ಎತ್ತರಕ್ಕಿಂತ ಅಗಲಕ್ಕೆ, ಬಯಲಿನಂಥ ಒಳಾಂಗಣಕ್ಕೆ ಅಲ್ಲಿ ಪ್ರಾಶಸ್ತ್ಯ. ಅದರ ಕಲ್ಲನ್ನು ಗುಡ್ಡದಿಂದ ಹೊತ್ತು ತಂದವರು ಬಂದರಿನ ಹಮಾಲರು. ಅವರ ನೆನಪಿಗೆ ಬಾಗಿಲ ಮೇಲೆ ಹೊರೆಯಾಳುಗಳ ಆಕೃತಿಗಳೇ ಇವೆ.

ಕ್ಯಾಂಪಿಗೆ ಬಂದದ್ದು ಹೇಗೆ?

1817ರ ಖಡಕಿ ಯುದ್ಧದಲ್ಲಿ ಪೇಶ್ವೆ ಸೋತ ಮೇಲೆ ಇಂಗ್ಲಿಷರ ದಂಡು ಇಲ್ಲಿ ನೆಲೆಯೂರಿತು. ಅವರ ಮೊದಲ ಚರ್ಚು ಸೇಂಟ್ ಮೇರೀಸ್, 1825ರದು, ಬಿಷಪ್ ಹೀಬರ್ ಪ್ರತಿಷ್ಠೆ ಮಾಡಿದ್ದು. ಅದು ಗಾಥಿಕ್ ಅಲ್ಲ. ಆಗಿನ್ನೂ ಇಂಗ್ಲಿಷರಿಗೆ ಗ್ರೀಕ್-ರೋಮನ್ ಮಾದರಿಯ ಮೋಹ. ಮುಂದೆ ಇಂಗ್ಲೆಂಡಿನಲ್ಲಿ ಗಾಥಿಕ್ ಮತ್ತೆ ಫ್ಯಾಷನ್ ಆಯಿತು. 1860ರ ದಶಕದ ಹೊತ್ತಿಗೆ ಆ ಗಾಳಿ ಇಲ್ಲೂ ಬೀಸಿತು. ಜನರಲ್ ಪೋಸ್ಟಾಫೀಸಿನ ಬಳಿಯ ಸೇಂಟ್ ಪಾಲ್ಸ್ ಚರ್ಚು 1867ರದು. 1248ರಲ್ಲಿ ಪ್ರತಿಷ್ಠೆಯಾದ ಪ್ಯಾರಿಸಿನ ಸೇಂಟ್ ಶಾಪೆಲ್ ಅದಕ್ಕೆ ಮಾದರಿ. ಅದೇ 1867ರಲ್ಲಿ ನಮ್ಮ ಲಾಲ್ ದೇವಳವೂ ಮುಗಿಯಿತು. ಅದರ ನಿಜನಾಮ ಓಹೆಲ್ ಡೇವಿಡ್, 'ದಾವೀದನ ಗುಡಾರ' ಎಂದರ್ಥ. ನಕ್ಷೆ ಹಾಕಿದವರು ಸೈನ್ಯದ ಎಂಜಿನಿಯರ್ ಹೆನ್ರಿ ಸೇಂಟ್ ಕ್ಲೇರ್ ವಿಲ್ಕಿನ್ಸ್. ಸಸೂನ್ ಆಸ್ಪತ್ರೆ, ಡೆಕ್ಕನ್ ಕಾಲೇಜು ಕೂಡ ಅವರದೇ ಕೈ. ಮಂದಿರ ಚರ್ಚಿನಂತೆ ಕಾಣುವುದು ಇದಕ್ಕೇ. ಮತ ಬೇರೆ, ಆದರೆ ಕಾಲದ ಫ್ಯಾಷನ್ ಒಂದೇ.

ಇಲ್ಲಿಯ ಕಲ್ಲು ಕರಿಯ ಟ್ರ್ಯಾಪ್, ಜ್ವಾಲಾಮುಖಿಯ ಕಲ್ಲು. ಉಳಿಗೆ ಸುಲಭವಾಗಿ ಮಣಿಯದು. ಬೇಲೂರಿನ ಬಳಪದ ಕಲ್ಲಿನಂಥ ಸೂಕ್ಷ್ಮ ಕುಸುರಿಯನ್ನು ಇದರಲ್ಲಿ ಹುಡುಕಿದರೆ ನಿರಾಶೆಯೇ.

ಹಣ ಎಲ್ಲಿಂದ ಬಂತು?

ನಾನು ಕಾಮರ್ಸ್ ವಿದ್ಯಾರ್ಥಿ, ಈ ಪ್ರಶ್ನೆ ಕೇಳದಿದ್ದರೆ ಹೇಗೆ? ಲಾಲ್ ದೇವಳ ಕಟ್ಟಿಸಿದ ಡೇವಿಡ್ ಸಸೂನ್ ಬಾಗ್ದಾದಿನಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ ವ್ಯಾಪಾರಿ. 1864ರಲ್ಲಿ ಪುಣೆಯಲ್ಲೇ ತೀರಿಕೊಂಡರು, ಸಮಾಧಿ ಆ ಆವರಣದಲ್ಲೇ ಇದೆ. ಮಂದಿರ ಮುಗಿದದ್ದನ್ನು ಅವರು ನೋಡಲಿಲ್ಲ. ಅವರ ಮನೆತನದ ಐಶ್ವರ್ಯ ಹತ್ತಿಯದು, ಮತ್ತು ಚೀನಾಕ್ಕೆ ಸಾಗಿಸಿದ ಅಫೀಮಿನದು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳು ಮುಂಬಯಿಗೆ ಕೈಚಾಚಿದವು. ಬೆಲೆ ಆಕಾಶಕ್ಕೇರಿತು. ಹಾಗೆ ಹೋದ ಅರಳೆಯಲ್ಲಿ ನಮ್ಮ ಧಾರವಾಡ ಸೀಮೆಯದೂ ಇತ್ತು. ಯುದ್ಧ ಮುಗಿಯಿತು, 1865ರಲ್ಲಿ ಮುಂಬಯಿಯ ಷೇರುಪೇಟೆ ಕುಸಿದು ಎಷ್ಟೋ ಮನೆ ದಿವಾಳಿ ಎದ್ದವು. ಕಟ್ಟಡಗಳು ನಿಂತವು.

ಅದೇ ಸಸೂನರ ಹಣದಿಂದ ಎದ್ದ ಆಸ್ಪತ್ರೆಯಲ್ಲಿ ಇಂದಿಗೂ ಬಡವರಿಗೆ ಚಿಕಿತ್ಸೆ ಸಿಗುತ್ತದೆ. ಅಫೀಮನ್ನು ಯಾವ ಕಡೆ ಬರೆಯೋಣ, ಆಸ್ಪತ್ರೆಯನ್ನು ಯಾವ ಕಡೆ? ಜಮಾ-ಖರ್ಚು ಎರಡೂ ಬದಿ ತುಂಬಿದರೂ ಈ ಲೆಕ್ಕ ನನಗೆ ಟ್ಯಾಲಿ ಆಗಿಲ್ಲ.

ಫುಲೆಯವರ ತಕರಾರು

ಕ್ಯಾಂಪಿನಿಂದ ತುಸು ಆಚೆ, ಶುಕ್ರವಾರ ಪೇಟೆಯಲ್ಲಿ ತರಕಾರಿ ಮಂಡಿಯಿದೆ. ಎಂಟು ಮೂಲೆಯ ಗೋಪುರ, ಸುತ್ತ ಚಾಚಿದ ರೆಕ್ಕೆಗಳು, ಗಾಥಿಕ್ ಕಮಾನು. 1886ರಲ್ಲಿ ಗವರ್ನರ್ ಲಾರ್ಡ್ ರೇ ಹೆಸರಿನಲ್ಲಿ ತೆರೆದದ್ದು. ಜೋತಿರಾವ್ ಫುಲೆ 1876ರಿಂದ 1882ರವರೆಗೆ ಪುಣೆ ಮುನಿಸಿಪಾಲಿಟಿಯ ಸದಸ್ಯರಾಗಿದ್ದರು. ಮಂಡಿಗೆ ಸುರಿಯುವ ಹಣವನ್ನು ಜನರ ಶಿಕ್ಷಣಕ್ಕೆ ಕೊಡಿ ಎಂದು ಅವರು ವಿರೋಧಿಸಿದರು. ಮಾತು ನಡೆಯಲಿಲ್ಲ. ಆ ಮಂಡಿಗೆ ಈಗ ಮಹಾತ್ಮ ಫುಲೆ ಮಂಡಿ ಎಂದೇ ಹೆಸರು!

ಇದನ್ನು ಓದಿ ನಾನು ಸುಮ್ಮನಾದೆ. ನಾನು ಕಲಿತ ಕನ್ನಡ ಶಾಲೆಯ ಹಂಚು ಮಳೆಗಾಲದಲ್ಲಿ ಸೋರುತ್ತಿತ್ತು. ಮಳೆ ಜೋರಾದರೆ ಏಳನೇ ಇಯತ್ತೆಯವರು ಆರನೆಯವರ ಜೊತೆ ಒತ್ತಿ ಕೂಡಬೇಕು. ಚಂದದ ಗೋಪುರ ಕಂಡಾಗ ಕಣ್ಣು ಮೇಲೆ ಹೋಗುತ್ತದೆ, ಮನಸ್ಸು ಆ ಹಂಚಿಗೆ ಹೋಗುತ್ತದೆ. ಎರಡೂ ನಿಜ. ಫುಲೆಯವರ ಪ್ರಶ್ನೆ ಸರಿಯಾಗಿತ್ತು ಅನ್ನೋದಕ್ಕೆ ಮಂಡಿಯನ್ನು ಹಳಿಯಬೇಕಾಗಿಲ್ಲ. ನೂರು ವರ್ಷ ಮೀರಿ ಅಲ್ಲಿ ಹೂವು ಹಣ್ಣು ಮಾರಿ ಬದುಕಿದವರೂ ಬಡವರೇ.

ಉಳಿಯುವುದು, ಅಳಿಯುವುದು

ಕಲ್ಲಿನದು ಶಾಶ್ವತ ಎಂದುಕೊಳ್ಳುತ್ತೇವೆ. ಐರಿಷ್ ಸೈನಿಕರಿಗಾಗಿ 1850ರಲ್ಲಿ ಎದ್ದ ಸೇಂಟ್ ಪ್ಯಾಟ್ರಿಕ್ಸ್ ಕೆಥೆಡ್ರಲಿನ ಛಾವಣಿ 1984ರಲ್ಲಿ ಕುಸಿಯಿತು, ಮತ್ತೆ ಕಟ್ಟಬೇಕಾಯಿತು. ಕ್ಯಾಂಪಿನ ಶಿವಾಜಿ ಮಾರ್ಕೆಟ್, ಹಳೆಯ ಕನಾಟ್ ಮಾರ್ಕೆಟ್, 1880ರ ದಶಕದ ಕಲ್ಲುಕಟ್ಟಡ. ಮಾರ್ಚ್ 2021ರಲ್ಲಿ ಬೆಂಕಿ ಬಿದ್ದು ಒಳಗಿನ ಮೀನು-ಮಾಂಸದ ಅಂಗಡಿಗಳು ಸುಟ್ಟುಹೋದವು. ಕಲ್ಲಿಗೂ ಕಾವಲು ಬೇಕು.

ಗೆಳೆಯರೇ, ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಸೇಂಟ್ ಪಾಲ್ಸ್ ಮುಂದೆ ನಿಂತು ಕಮಾನು ಚೂಪೋ ದುಂಡೋ ನೋಡಿ. ಪಕ್ಕಕ್ಕೆ ಹೋಗಿ ಒತ್ತುಗೋಡೆ ಎಣಿಸಿ. ಲಾಲ್ ದೇವಳದಲ್ಲಿ ಇಟ್ಟಿಗೆ ಎಲ್ಲಿ, ಕಲ್ಲು ಎಲ್ಲಿ ಎಂದು ಗುರುತಿಸಿ. ಊರಿಗೆ ಹೋದಾಗ ಮೈಸೂರಿನ ಸೇಂಟ್ ಫಿಲೋಮಿನಾ, ಬೆಂಗಳೂರು ಶಿವಾಜಿನಗರದ ಸೇಂಟ್ ಮೇರೀಸ್ ಜೊತೆ ಹೋಲಿಸಿ ನೋಡಿ. ಮತ್ತೆ ಕನ್ನಡದಲ್ಲೇ ಬರೆಯಿರಿ. 'ಒತ್ತುಗೋಡೆ' ಎಂಬ ಮಾತು ನಾನು ಹೊಂದಿಸಿಕೊಂಡದ್ದು. ಅದಕ್ಕಿಂತ ಒಳ್ಳೆಯದು ನಿಮಗೆ ಹೊಳೆದರೆ ಮುಂದಿನ ಸಂಚಿಕೆಗೆ ಕಳಿಸಿ. ನನ್ನದನ್ನು ಹೊಡೆದುಹಾಕಲು ಸಿದ್ಧ.