‘ಎಲ್.ಎ. ಕಾನ್ಫಿಡೆನ್ಶಿಯಲ್’ (1997): ಮುಖ್ಯಾಂಶಗಳು

ಚಿತ್ರದ ವಿವರ

- ಪ್ರಕಾರ: ನಿಯೋ-ನ್ವಾರ್ ಅಪರಾಧ ಕಥನ
- ನಿರ್ದೇಶನ: ಕರ್ಟಿಸ್ ಹ್ಯಾನ್ಸನ್
- ಮೂಲ ಕೃತಿ: ಜೇಮ್ಸ್ ಎಲ್‌ರಾಯ್ ಅವರ ಅದೇ ಹೆಸರಿನ ಕಾದಂಬರಿ (1990)
- ಚಿತ್ರಕಥೆ: ಬ್ರಯಾನ್ ಹೆಲ್ಗೆಲಂಡ್ ಮತ್ತು ಹ್ಯಾನ್ಸನ್
- ಛಾಯಾಗ್ರಹಣ: ಡಾಂಟೆ ಸ್ಪಿನೋಟಿ, ಸಂಗೀತ: ಜೆರ್ರಿ ಗೋಲ್ಡ್‌ಸ್ಮಿತ್
- ಮೊದಲ ಪ್ರದರ್ಶನ: 1997ರ ಮೇ, ಕಾನ್ ಚಿತ್ರೋತ್ಸವದ ಸ್ಪರ್ಧಾ ವಿಭಾಗ
- ಅಮೆರಿಕದಲ್ಲಿ ಬಿಡುಗಡೆ: 1997ರ ಸೆಪ್ಟೆಂಬರ್ 19, ಅವಧಿ: 138 ನಿಮಿಷ

ಹಿನ್ನೆಲೆ

- ಕಥೆ ನಡೆಯುವುದು 1950ರ ದಶಕದ ಲಾಸ್ ಏಂಜಲೀಸ್‌ನಲ್ಲಿ. ಭೂಗತ ದೊರೆ ಮಿಕ್ಕಿ ಕೋಹೆನ್ ತೆರಿಗೆ ವಂಚನೆಗಾಗಿ ಜೈಲು ಸೇರಿದ್ದಾನೆ. ಅವನ ಗದ್ದುಗೆಗೆ ಪೈಪೋಟಿ ಶುರುವಾಗಿದೆ. ಕೋಹೆನ್ ನಿಜವಾಗಿ ಬದುಕಿದ್ದ ವ್ಯಕ್ತಿ.
- ಠಾಣೆಯಲ್ಲಿ ಕೈದಿಗಳನ್ನು ಪೊಲೀಸರು ಥಳಿಸುವ ದೃಶ್ಯಕ್ಕೆ ಆಧಾರ, 1951ರ ಡಿಸೆಂಬರ್ 25ರ ‘ಬ್ಲಡಿ ಕ್ರಿಸ್ಮಸ್’ ಘಟನೆ. ಅಂದು 7 ಯುವಕರನ್ನು ಪೊಲೀಸರು ನಿರ್ದಯವಾಗಿ ಹೊಡೆದಿದ್ದರು.
- ಕಥೆಯ ಕೇಂದ್ರ: ‘ನೈಟ್ ಔಲ್’ ಎಂಬ ಕಾಫಿ ಅಂಗಡಿಯಲ್ಲಿ ನಡೆಯುವ ಸಾಮೂಹಿಕ ಕೊಲೆ.

ಪಾತ್ರಗಳು

- ಎಡ್ ಎಕ್ಸ್ಲಿ (ಗೈ ಪಿಯರ್ಸ್): ನಿಯಮಬದ್ಧ, ಮಹತ್ವಾಕಾಂಕ್ಷಿ ಅಧಿಕಾರಿ.
- ಬಡ್ ವೈಟ್ (ರಸೆಲ್ ಕ್ರೋ): ಮುಂಗೋಪಿ, ಹೆಂಗಸರ ಮೇಲೆ ಕೈಮಾಡುವವರನ್ನು ಕಂಡರೆ ಕೆಂಡ.
- ಜಾಕ್ ವಿನ್ಸೆನ್ಸ್ (ಕೆವಿನ್ ಸ್ಪೇಸಿ): ಟಿ.ವಿ. ಧಾರಾವಾಹಿಗೆ ಸಲಹೆಗಾರ, ಪ್ರಚಾರಪ್ರಿಯ.
- ಲಿನ್ ಬ್ರಾಕನ್ (ಕಿಮ್ ಬೇಸಿಂಗರ್): ನಟಿ ವೆರೋನಿಕಾ ಲೇಕ್ ಹೋಲಿಕೆಯ ವೇಶ್ಯೆ.
- ಡಡ್ಲಿ ಸ್ಮಿತ್ (ಜೇಮ್ಸ್ ಕ್ರಾಮ್‌ವೆಲ್): ಪೊಲೀಸ್ ಕ್ಯಾಪ್ಟನ್, ತೆರೆಮರೆಯ ಸೂತ್ರಧಾರ.

ಕಾದಂಬರಿಯಿಂದ ತೆರೆಗೆ (ದೀರ್ಘ ಉತ್ತರಕ್ಕೆ)

- ಹಲವು ವರ್ಷಗಳಲ್ಲಿ ಹರಡಿದ, ಉಪಕಥೆಗಳಿಂದ ಕಿಕ್ಕಿರಿದ ಕಾದಂಬರಿಯನ್ನು ಚಿತ್ರಕಥೆ ಕೆಲವೇ ತಿಂಗಳಿಗೆ ಇಳಿಸಿತು. ಮೂವರು ಪೊಲೀಸರ ದಾರಿಗೆ ಸೇರದ ಎಳೆಗಳನ್ನು ಕತ್ತರಿಸಿತು. ಇದೇ ಈ ರೂಪಾಂತರದ ಸೂತ್ರ.
- ಕಾದಂಬರಿಯಲ್ಲಿ ಎಕ್ಸ್ಲಿಯ ತಂದೆ ಬದುಕಿರುವ ಸಿರಿವಂತ. ಚಿತ್ರದಲ್ಲಿ ಅಪರಿಚಿತ ಕಳ್ಳನ ಗುಂಡಿಗೆ ಬಲಿಯಾದ ಪೊಲೀಸ್.
- ಆ ಕಳ್ಳನಿಗೆ ಎಕ್ಸ್ಲಿ ಇಟ್ಟ ಹೆಸರು ‘ರೋಲೊ ಟೊಮಾಸಿ’. ಇದು ಕಾದಂಬರಿಯಲ್ಲಿಲ್ಲ. ಡಡ್ಲಿಯ ಗುಂಡು ತಿಂದ ವಿನ್ಸೆನ್ಸ್ ಸಾಯುವಾಗ ಈ ಹೆಸರನ್ನಷ್ಟೇ ಉಸುರುತ್ತಾನೆ. ಅದು ಯಾರೆಂದು ಡಡ್ಲಿ ಎಕ್ಸ್ಲಿಯನ್ನೇ ಕೇಳಿ ಸಿಕ್ಕಿಬೀಳುತ್ತಾನೆ. ಎಕ್ಸ್ಲಿಯ ಗತಕಾಲ ಮತ್ತು ಪತ್ತೇದಾರಿ ಎರಡನ್ನೂ ಒಂದೇ ಹೆಸರು ಬೆಸೆಯುತ್ತದೆ.
- ಅಪರಾಧಿಯ ಬೆನ್ನಿಗೆ ಗುಂಡು ಹಾರಿಸಬಲ್ಲೆಯಾ ಎಂದು ಆರಂಭದಲ್ಲಿ ಡಡ್ಲಿ ಕೇಳುತ್ತಾನೆ; ಎಕ್ಸ್ಲಿ ಇಲ್ಲವೆನ್ನುತ್ತಾನೆ. ಕೊನೆಗೆ ಡಡ್ಲಿಯ ಬೆನ್ನಿಗೇ ಗುಂಡಿಡುತ್ತಾನೆ. ಕಾದಂಬರಿಯಲ್ಲಿ ಡಡ್ಲಿ ಸಾಯುವುದಿಲ್ಲ.

ನಿಯೋ-ನ್ವಾರ್ ಲಕ್ಷಣಗಳು

- ಭ್ರಷ್ಟ ವ್ಯವಸ್ಥೆ, ಕಳಂಕವಿಲ್ಲದ ನಾಯಕನಿಲ್ಲದ ಕಥೆ, ಗೆದ್ದರೂ ಮುಚ್ಚಿಹೋಗುವ ಸತ್ಯ: ಇಲಾಖೆ ಮಾನ ಉಳಿಸಿಕೊಳ್ಳಲು ಡಡ್ಲಿಯನ್ನು ಹುತಾತ್ಮನೆಂದು ಸಾರುತ್ತದೆ.
- ಹಳೆಯ ನ್ವಾರ್‌ನ ಕಪ್ಪುಬಿಳುಪು ನೆರಳಾಟದ ಬದಲು ಇಲ್ಲಿ ಬಣ್ಣ, ಕ್ಯಾಲಿಫೋರ್ನಿಯಾದ ಬಿಸಿಲು. ರಿಚರ್ಡ್ ನ್ಯೂಟ್ರಾ ವಿನ್ಯಾಸದ ಲೊವೆಲ್ ಹೌಸ್ ಚಿತ್ರದಲ್ಲಿ ಪ್ಯಾಚೆಟ್ ಎಂಬ ಪಾತ್ರದ ಮನೆ.

ಪ್ರಶಸ್ತಿ, ಮನ್ನಣೆ

- 9 ಆಸ್ಕರ್ ನಾಮನಿರ್ದೇಶನ, 2 ಪ್ರಶಸ್ತಿ: ಪೋಷಕ ನಟಿ (ಬೇಸಿಂಗರ್), ರೂಪಾಂತರಿತ ಚಿತ್ರಕಥೆ. ಉಳಿದ 7 ವಿಭಾಗಗಳೂ ‘ಟೈಟಾನಿಕ್’ ಪಾಲಾದವು.
- 2015ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ದಾಖಲೆಗೆ ಸೇರ್ಪಡೆ.

ಗೊಂದಲ ಬೇಡ

- ಎಲ್‌ರಾಯ್ ಅವರ ‘ಎಲ್.ಎ. ಕ್ವಾರ್ಟೆಟ್’ ಕ್ರಮ: ‘ದ ಬ್ಲ್ಯಾಕ್ ಡಾಲಿಯಾ’ (1987), ‘ದ ಬಿಗ್ ನೋವೇರ್’ (1988), ‘ಎಲ್.ಎ. ಕಾನ್ಫಿಡೆನ್ಶಿಯಲ್’ (1990), ‘ವೈಟ್ ಜಾಝ್’ (1992). ಈ ಚಿತ್ರದ ಮೂಲ ಕಾದಂಬರಿ ಮೂರನೆಯದು.
- ‘ಚೈನಾಟೌನ್’ (1974) ಕೂಡ ಲಾಸ್ ಏಂಜಲೀಸ್‌ನ ನಿಯೋ-ನ್ವಾರ್. ಆದರೆ ಅದು ರಾಬರ್ಟ್ ಟೌನ್ ಅವರ ಸ್ವತಂತ್ರ ಚಿತ್ರಕಥೆ, ಕಾದಂಬರಿ ಆಧಾರಿತವಲ್ಲ.
- ‘ಹಶ್-ಹಶ್’ ಚಿತ್ರದೊಳಗಿನ ಕಾಲ್ಪನಿಕ ಪತ್ರಿಕೆ. ‘ಕಾನ್ಫಿಡೆನ್ಶಿಯಲ್’ ಆ ಕಾಲದ ನಿಜವಾದ ಗಾಸಿಪ್ ಪತ್ರಿಕೆ.